ಇಂಜೆಕ್ಟರಿನ ಬಾಯಿ ಬಿಡಿಸುವವರು

ಐಡ್ಲಿಂಗ್ ನಿಲ್ಲುವುದಿಲ್ಲ, ಆಕ್ಸಿಲರೇಟರ್ ತಿರುಗಿಸಿದರೆ ಗಾಡಿ ಒಮ್ಮೆ ಮುಗ್ಗರಿಸಿ ಆಮೇಲೆ ಎಳೆಯುತ್ತದೆ, ಮೈಲೇಜೂ ಇಳಿದಿದೆ. 2008ರ ಯಮಹಾ ಆರ್15, 2009ರ ಕ್ಲಾಸಿಕ್ 500ರ ಕಾಲದ ಎಫ್‌ಐ (ಫ್ಯೂಯೆಲ್ ಇಂಜೆಕ್ಷನ್) ಬೈಕೊಂದು ಹೀಗೆ ಗ್ಯಾರೇಜಿಗೆ ಬಂದರೆ, ಪಳಗಿದ ಮೆಕ್ಯಾನಿಕ್ ಪ್ಲಗ್, ಏರ್ ಫಿಲ್ಟರ್, ಬ್ಯಾಟರಿ ನೋಡಿ ಮುಗಿಸಿದ ಮೇಲಷ್ಟೇ ಇಂಜೆಕ್ಟರಿಗೆ ಕೈ ಹಾಕುತ್ತಾರೆ.

ಬೆರಳುದ್ದದ ಈ ಭಾಗ ಕರೆಂಟಿನಿಂದ ತೆರೆದು ಮುಚ್ಚುವ ವಾಲ್ವ್. ಟ್ಯಾಂಕಿನೊಳಗಿನ ಪಂಪು ಸುಮಾರು 3 ಬಾರ್ ಒತ್ತಡದಲ್ಲಿ ಪೆಟ್ರೋಲ್ ತಂದು ನಿಲ್ಲಿಸಿರುತ್ತದೆ. ಇಂಜಿನ್ ನಿಯಂತ್ರಿಸುವ ಪುಟ್ಟ ಕಂಪ್ಯೂಟರ್, ಅಂದರೆ ಇಸಿಯು, ಅಪ್ಪಣೆ ಕೊಟ್ಟೊಡನೆ ಒಳಗಿನ ಸೂಜಿ ಕೆಲವೇ ಮಿಲಿಸೆಕೆಂಡು ಮೇಲೆದ್ದು ಕೂರುತ್ತದೆ. ಸಿಂಗಲ್ ಸಿಲಿಂಡರ್ ಇಂಜಿನ್ 6000 ಆರ್‌ಪಿಎಂನಲ್ಲಿ ಓಡುವಾಗ ಸೆಕೆಂಡಿಗೆ 50 ಸಲ ಹೀಗಾಗಬೇಕು. ಎಷ್ಟು ಹೊತ್ತು ತೆರೆಯಬೇಕೆಂದು ಇಸಿಯು ಲೆಕ್ಕ ಹಾಕುತ್ತದೆಯೇ ಹೊರತು, ಇಂಜೆಕ್ಟರಿನ ತುದಿಯ ತೂತು ಕಿರಿದಾಗಿರುವುದು ಅದರ ಕಣ್ಣಿಗೆ ನೇರವಾಗಿ ಬೀಳುವುದಿಲ್ಲ.

ಕಿರಿದಾಗುವುದಾದರೂ ಹೇಗೆ? ಬಿಸಿ ಇಂಜಿನ್ ಆಫ್ ಮಾಡಿದಾಗ ತುದಿಯಲ್ಲಿ ಉಳಿದ ಪೆಟ್ರೋಲ್ ಆರಿ ಅಂಟಿನ ಪದರ ಕಟ್ಟುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಇದು ಇನ್ನೂ ಜೋರು. ಎಥನಾಲ್ ಬೆರೆತ ಪೆಟ್ರೋಲ್ ನೀರನ್ನು ಹೀರಿಕೊಳ್ಳುವುದರಿಂದ ಹಳೆಯ ಕಬ್ಬಿಣದ ಟ್ಯಾಂಕಿಗೆ ತುಕ್ಕಿನ ಕಾಟವೂ ಸೇರುತ್ತದೆ.

ಬಿಚ್ಚುವ ಕೆಲಸದಲ್ಲೇ ಕೈಯ ಸಂಸ್ಕಾರ ಗೊತ್ತಾಗುತ್ತದೆ. ಮೊದಲು ಪಂಪಿನ ಕಪ್ಲರ್ ತೆಗೆದು, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಪೈಪಿನ ಒತ್ತಡ ಇಳಿಸಬೇಕು. ಆಮೇಲೆ ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಬೇಕು. ಇಂಜೆಕ್ಟರಿನ ಸುತ್ತಲಿನ ಧೂಳನ್ನು ಗಾಳಿ ಹೊಡೆದು ತೆಗೆಯದಿದ್ದರೆ, ಕಿತ್ತ ಕ್ಷಣ ಆ ಧೂಳು ನೇರ ಇಂಜಿನ್ನಿನ ಇನ್‌ಟೇಕ್ ವಾಲ್ವಿನ ಕಡೆಗೆ ಇಳಿಯುತ್ತದೆ.

ಇಂಜೆಕ್ಟರಿನ ತುದಿಗೆ ಸೂಜಿ, ತಂತಿ ತೂರಿಸುವವರನ್ನು ನಾನು ಮೆಕ್ಯಾನಿಕ್ ಎಂದು ಒಪ್ಪುವುದಿಲ್ಲ. ತೂತಿನ ಅಂಚು ಒಂದಿಷ್ಟು ಗೀಚಿದರೂ ಸ್ಪ್ರೇ ಕೆಟ್ಟಿತು. ಬಲ್ಲವರು ಇಂಜೆಕ್ಟರನ್ನು ಬೆಚ್ಚನೆಯ ಕ್ಲೀನಿಂಗ್ ದ್ರಾವಣವಿರುವ ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿಡುತ್ತಾರೆ. ಶಬ್ದದ ಅಲೆಗಳಿಂದ ಹುಟ್ಟುವ ಸಣ್ಣ ಸಣ್ಣ ಗುಳ್ಳೆಗಳು ಒಡೆದು ಕೊಳೆ ಬಿಡಿಸುವಾಗ, ಒಳಗಿನ ಸೂಜಿಯನ್ನೂ ಬಿಟ್ಟು ಬಿಟ್ಟು ಕರೆಂಟ್ ಕೊಟ್ಟು ಆಡಿಸುತ್ತಿರುತ್ತಾರೆ. ಬ್ಯಾಟರಿಯನ್ನು ನೇರವಾಗಿ ಕೊಟ್ಟು ಹಿಡಿದರೆ ಕಾಯಿಲ್ ಸುಟ್ಟುಹೋಗಬಹುದು.

ನನಗೆ ಬಹಳ ಇಷ್ಟವಾದದ್ದು ಆಮೇಲಿನ ಪರೀಕ್ಷೆ. ಗಾಜಿನ ಅಳತೆ ಕೊಳವೆಯ ಮೇಲೆ ಇಂಜೆಕ್ಟರ್ ಕೂರಿಸಿ, ಒತ್ತಡ ಕೊಟ್ಟು ಚಿಮ್ಮಿಸುತ್ತಾರೆ. ಕಟ್ಟಿಕೊಂಡಿದ್ದರೆ ಒಂದೇ ಕಡೆಗೆ ದಾರದಂತೆ ಬೀಳುತ್ತದೆ; ಶುದ್ಧವಾಗಿದ್ದರೆ ಸಮನಾಗಿ ಮಂಜು ಹರಡುತ್ತದೆ. ಗೊತ್ತುಪಡಿಸಿದಷ್ಟು ಹೊತ್ತಿನಲ್ಲಿ ಎಷ್ಟು ಮಿಲಿಲೀಟರ್ ತುಂಬಿತೆಂದು ನೋಡುತ್ತಾರೆ. ಕರೆಂಟ್ ನಿಲ್ಲಿಸಿದ ಮೇಲೆ ಬಾಯಲ್ಲಿ ಹನಿ ಕಟ್ಟಿದರೆ ಅದು ಸೂಜಿ ಸರಿಯಾಗಿ ಕೂರದ ಲಕ್ಷಣ. ಮತ್ತೆ ತೊಳೆದರೂ ಹನಿ ನಿಲ್ಲದಿದ್ದರೆ ಹೊಸದನ್ನೇ ಹಾಕಿ ಎನ್ನುತ್ತಾರೆ. ಹಾಗೆ ಹೇಳುವವರನ್ನು ನಂಬಬಹುದು.

ಮರುಜೋಡಣೆಗೆ ಹೊಸ ಓ ರಿಂಗ್ ಬೇಕು, ಅದಕ್ಕೆ ತೆಳುವಾಗಿ ಇಂಜಿನ್ ಆಯಿಲ್ ಸವರಬೇಕು. ಕೀ ಆನ್ ಮಾಡಿ ಪೆಟ್ರೋಲ್ ಜಿನುಗುವುದಿಲ್ಲವೆಂದು ಖಾತ್ರಿಯಾದ ಮೇಲೆಯೇ ಸ್ಟಾರ್ಟ್ ಮಾಡುವುದು.

ನಿಮ್ಮ ಹಳೆಯ ಗಾಡಿಯ ಇಂಜೆಕ್ಟರ್ ತೊಳೆಸುವ ದಿನ ಟ್ಯಾಂಕನ್ನೂ ಪಂಪಿನ ಜಾಲರಿಯನ್ನೂ ಶುಚಿ ಮಾಡಿಸಿ. ತುಕ್ಕು ಅಲ್ಲೇ ಉಳಿದರೆ ಇಂಜೆಕ್ಟರ್ ಮತ್ತೆ ಕಟ್ಟಿಕೊಳ್ಳುತ್ತದೆ.