ಹೊನ್ನೆ ನೀರಿನ ನೀಲಿ ಕಲಿಸಿದ ಪಾಠ

ಹೊನ್ನೆ ಮರದ ಚಕ್ಕೆಯನ್ನು ಗಾಜಿನ ಲೋಟದ ನೀರಿನಲ್ಲಿ ರಾತ್ರಿಯಿಡೀ ನೆನೆಹಾಕಿ ನೋಡಿದ್ದೀರಾ? ಬೆಳಿಗ್ಗೆ ಬಿಸಿಲಿಗೆ ಹಿಡಿದರೆ ಕಂದು ನೀರಿನ ಅಂಚಿನಲ್ಲಿ ನೀಲಿ ಹೊಳೆಯುತ್ತದೆ. ಸಕ್ಕರೆ ಕಾಯಿಲೆಯವರು ಈ ಮರದ ಲೋಟದಲ್ಲಿ ನೀರಿಟ್ಟು ಕುಡಿಯುವುದು ನಮ್ಮ ಭಟ್ಕಳ, ಹೊನ್ನಾವರ, ಕುಮಟಾ ಕಡೆ ಹೊಸತೇನಲ್ಲ. (ಬೀಜದಿಂದ ದೀಪದೆಣ್ಣೆ ತೆಗೆಯುವ ಕರಾವಳಿಯ ಹೊನ್ನೆ ಬೇರೆ, ಇದು ಘಟ್ಟದ ಕಾಡಿನದು.) ಅದು ಔಷಧಿಯೋ ಅಲ್ಲವೋ ವೈದ್ಯರು ಹೇಳಲಿ. ನಾನು ಹೇಳಹೊರಟಿರುವುದು ಆ ನೀಲಿಯನ್ನು ಅಳೆಯಹೋಗಿ ಮೋಸಹೋದ ಕಥೆ.

ಕೆಲವು ವರ್ಷಗಳ ಹಿಂದೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ವಿಜ್ಞಾನ ಮೇಳಕ್ಕೆ ಇದೇ ವಿಷಯ ಆರಿಸಿಕೊಂಡಳು. ನೋಟು ಪರೀಕ್ಷಿಸುವ ಅತಿನೇರಳೆ ಟಾರ್ಚನ್ನು ಲೋಟದ ಒಂದು ಮಗ್ಗುಲಿನಿಂದ ಹಾಯಿಸಿದಳು. ಲಂಬವಾಗಿ ಇನ್ನೊಂದು ಮಗ್ಗುಲಲ್ಲಿ, ಲೋಟದ ನಡುಭಾಗಕ್ಕೆ ಮುಖಮಾಡಿ ಬೆಳಕು ಗ್ರಹಿಸುವ ಎಲ್‌ಡಿಆರ್, ಅದಕ್ಕೊಂದು ಮಲ್ಟಿಮೀಟರ್. ಚಕ್ಕೆ ಒಂದು ಚಮಚದಿಂದ ಮೂರಕ್ಕೆ ಏರಿದಂತೆ ಹೊಳಪೂ ಏರಿತು. ನಾಲ್ಕು, ಐದಕ್ಕೆ ಇಳಿಯಿತು!

"ಟಾರ್ಚಿನ ಸೆಲ್ ಮುಗಿದಿರಬೇಕು, ಆ ಎರಡು ಚುಕ್ಕೆ ಅಳಿಸಿಬಿಡಮ್ಮ" ಎಂದೆ. "ಸರ್, ಮೂರು ಸಲ ನೋಡಿದೆ" ಎಂದಳು. ನಾನು ಕೇಳಲಿಲ್ಲ. ಗ್ರಾಫ್ ಹಾಳೆಯ ಮೇಲೆ ನೆಟ್ಟಗಿನ ಗೆರೆ ಮೂಡಿತು. ಸುಳ್ಳು ಗೆರೆ.

ಆಗಿದ್ದಿಷ್ಟು. ದ್ರಾವಣದ ಕಣಗಳು ಅತಿನೇರಳೆ ಬೆಳಕನ್ನು ಹೀರಿ ನೀಲಿ ಬೆಳಕನ್ನು ಹೊಮ್ಮಿಸುತ್ತವೆ, ಇದೇ ಪ್ರತಿದೀಪ್ತಿ. ಆದರೆ ಊಟದ ಪಂಕ್ತಿಯಲ್ಲಿ ಮೊದಲು ಕುಳಿತವರೇ ಪಾಯಸವನ್ನೆಲ್ಲ ಖಾಲಿಮಾಡಿದರೆ ನಡುವಿನವರ ಎಲೆ ಬರಿದು. ಹಾಗೆಯೇ ದ್ರಾವಣ ಗಾಢವಾದರೆ ಟಾರ್ಚಿನ ಕಡೆಯ ತೆಳು ಪದರವೇ ಬೆಳಕನ್ನೆಲ್ಲ ಹೀರುತ್ತದೆ, ನಡುಭಾಗ ಕತ್ತಲು. ಹೊಮ್ಮಿದ ನೀಲಿಯಲ್ಲೂ ಒಂದಷ್ಟನ್ನು ಕಂದು ನೀರು ದಾರಿಯಲ್ಲೇ ನುಂಗುತ್ತದೆ. ವಿಜ್ಞಾನಿಗಳು ಇದನ್ನು 'ಇನ್ನರ್ ಫಿಲ್ಟರ್' ಪರಿಣಾಮ ಎನ್ನುತ್ತಾರೆ.

1565ರಲ್ಲಿ ಸ್ಪೇನಿನ ವೈದ್ಯ ಮೊನಾರ್ಡೆಸ್ ಮೆಕ್ಸಿಕೋದ ಮರವೊಂದರ ನೀರಿನಲ್ಲಿ ಇಂಥದೇ ನೀಲಿಯನ್ನು ವರ್ಣಿಸಿದ್ದ. 1845ರಲ್ಲಿ ಜಾನ್ ಹರ್ಷೆಲ್ ಕ್ವಿನೈನ್ ದ್ರಾವಣದ ನೀಲಿ ಮೇಲ್ಪದರದಲ್ಲಷ್ಟೇ ಕಾಣುವುದನ್ನು ಗಮನಿಸಿದ. ಆ ಪದರ ದಾಟಿಬಂದ ಬೆಳಕು ಮತ್ತೆ ನೀಲಿ ಹುಟ್ಟಿಸುತ್ತಿರಲಿಲ್ಲ. ಕಾರಣ ತಿಳಿಸಿದವನು 1852ರಲ್ಲಿ ಸ್ಟೋಕ್ಸ್. ನನ್ನ ವಿದ್ಯಾರ್ಥಿನಿ ಕಂಡದ್ದೂ ಅದನ್ನೇ!

ಪ್ರಯೋಗಾಲಯದ 1 ಸೆಂಟಿಮೀಟರ್ ಅಗಲದ ಪಾತ್ರೆಯ ಲೆಕ್ಕ ನೋಡಿ. ದ್ರಾವಣದ ಹೀರಿಕೆಯ ಅಂಕ 0.1 ಇದ್ದರೆ ನಡುಭಾಗಕ್ಕೆ ಸುಮಾರು ಶೇ. 89ರಷ್ಟು ಬೆಳಕು ತಲುಪುತ್ತದೆ. ಅಂಕ 1 ಆದರೆ ಶೇ. 32, 2 ಆದರೆ ಶೇ. 10 ಮಾತ್ರ. ಆದ್ದರಿಂದ ಅಂಕ 0.1ಕ್ಕಿಂತ ಕಡಿಮೆಯಾಗುವಂತೆ ತೆಳುಮಾಡಿ ಅಳೆಯುವುದು ವಾಡಿಕೆ. ತೆಳುಮಾಡಲಾಗದಿದ್ದರೆ ಕಿರಿದಾದ ಪಾತ್ರೆ ಬಳಸಬಹುದು, ಇಲ್ಲವೇ ಬೆಳಕು ಬೀಳುವ ಮುಖದಿಂದಲೇ ಹೊಳಪನ್ನು ನೋಡಬಹುದು. ಹೀರಿಕೆಯನ್ನು ಪ್ರತ್ಯೇಕ ಅಳೆದು ಲೆಕ್ಕದಿಂದ ತಿದ್ದುವುದೂ ಉಂಟು. ಆದರೆ ತೀರಾ ಗಾಢ ದ್ರಾವಣಕ್ಕೆ ಆ ತಿದ್ದುಪಡಿಯನ್ನು ನಂಬುವಂತಿಲ್ಲ.

ಇದು ಶಾಲೆಯ ಆಟವಷ್ಟೇ ಅಲ್ಲ. ನೀರಿನಲ್ಲಿರುವ ಸೂಕ್ಷ್ಮ ಸಸ್ಯಗಳನ್ನು ಅವುಗಳ ಹರಿತ್ತಿನ ಕೆಂಪು ಪ್ರತಿದೀಪ್ತಿಯಿಂದ ಅಳೆಯುವ ಉಪಕರಣಗಳಿವೆ. ಮಳೆಗಾಲದಲ್ಲಿ ಶರಾವತಿ, ಅಘನಾಶಿನಿಗಳ ಅಳಿವೆಯಂಥ ಕೆಂಪು, ರಾಡಿ ನೀರಿಗೆ ಅವನ್ನು ಇಳಿಸಿದಾಗ ಅಂಕ ಕಡಿಮೆ ಬಂದರೆ, ಸಸ್ಯಗಳೇ ಕಡಿಮೆ ಎಂದು ಹೇಳಿಬಿಡುವ ಹಾಗಿಲ್ಲ.

ಮನೆಯಲ್ಲೇ ಪರೀಕ್ಷಿಸಬಹುದು. ಗಾಢ ಹೊನ್ನೆ ನೀರಿನ ಅರ್ಧ ಲೋಟ ತೆಗೆದುಕೊಂಡು ಅಷ್ಟೇ ನೀರು ಬೆರೆಸಿ. ಸರಿಯಾದ ಅಳತೆಯಾಗಿದ್ದರೆ ಹೊಳಪು ಅರ್ಧಕ್ಕೆ ಇಳಿಯಬೇಕು. ಇಳಿಯದಿದ್ದರೆ, ಅಥವಾ ಏರಿದರೆ, ಮೊದಲ ಅಂಕ ಸುಳ್ಳು. ಆ ದಿನ ಒಂದು ಚೊಂಬು ನೀರು ಬೆರೆಸಿ ನೋಡುವ ತಾಳ್ಮೆ ನನಗಿದ್ದರೆ ಸಾಕಿತ್ತು. ಅವಳ ಎರಡು ಚುಕ್ಕೆಗಳು ಉಳಿಯುತ್ತಿದ್ದವು.