ಸಿಹಿನೀರಿನ ಇಕ್ಕುಳಗಾರ

ಕೆಲವು ತಿಂಗಳ ಕೆಳಗೆ ಮೊಮ್ಮಗನ ಒತ್ತಾಯಕ್ಕೆ ಕಟ್ಟುಬಿದ್ದು, ಬೆಂಗಳೂರಿನಲ್ಲಿ ಬಣ್ಣದ ಮೀನುಗಳನ್ನು ಮಾರುವ ಒಂದು ಅಂಗಡಿಗೆ ಹೋಗಿದ್ದೆನು. ಅಲ್ಲಿ ಮೂಲೆಯ ಗಾಜಿನ ತೊಟ್ಟಿಯೊಂದರಲ್ಲಿ ಗೇಣುದ್ದವೂ ಇಲ್ಲದ, ನೀಲವರ್ಣದ ಒಂದು ಪ್ರಾಣಿಯು ಎರಡು ಇಕ್ಕುಳಗಳನ್ನು ಮುಂದಕ್ಕೆ ಚಾಚಿಕೊಂಡು, ಉದ್ದವಾದ ಮೀಸೆಗಳನ್ನು ಆಡಿಸುತ್ತ, ಕಲ್ಲಿನ ಮರೆಯಲ್ಲಿ ಕುಳಿತಿತ್ತು. ಹುಡುಗನು, "ತಾತಾ, ಇದು ಏಡಿಯೋ ಸೀಗಡಿಯೋ?" ಎಂದು ಕೇಳಿದನು. ಅಂಗಡಿಯವನು "ಎರಡೂ ಅಲ್ಲ, ನೀಲಿ ಲಾಬ್‌ಸ್ಟರ್" ಎಂದನು. ಅವನ ಮಾತಿನಲ್ಲಿ ಮೊದಲರ್ಧವು ದಿಟ, ಎರಡನೆಯದು ದಿಟವಲ್ಲ. ಲಾಬ್‌ಸ್ಟರು ಸಮುದ್ರದ ಪ್ರಾಣಿ. ಇದು ಸಿಹಿನೀರಿನಲ್ಲಿರುವ ಅದರ ದಾಯಾದಿ. ಇಂಗ್ಲಿಷರು ಇದನ್ನು ಕ್ರೇಫಿಶ್ ಎನ್ನುವರು. ಹೆಸರಿನಲ್ಲಿ 'ಫಿಶ್' ಎಂದಿದ್ದರೂ ಮೀನಿಗೂ ಇದಕ್ಕೂ ಯಾವ ನಂಟೂ ಇಲ್ಲ. ಫ್ರೆಂಚರ ಹಳೆಯ 'ಎಕ್ರೆವಿಸ್' ಎಂಬ ಪದದ ಬಾಲವು ಇಂಗ್ಲಿಷರ ಬಾಯಲ್ಲಿ ತಿರುಚಿಕೊಂಡು 'ಫಿಶ್' ಆಯಿತು, ಅಷ್ಟೆ.

ಕನ್ನಡದಲ್ಲಿ ಇದಕ್ಕೆ ಹೆಸರಿಲ್ಲದಿರುವುದು ಆಶ್ಚರ್ಯವಲ್ಲ. ಗದ್ದೆಯ ಬದುವನ್ನು ಕೊರೆದು ನೀರು ಸೋರಿಸುವ ಏಡಿಯನ್ನು ನಮ್ಮ ಒಕ್ಕಲಿಗರೆಲ್ಲ ಬಲ್ಲರು. ಹೊಳೆಯ ಸೀಗಡಿಯನ್ನೂ ಬಲ್ಲರು. ಆದರೆ ಕ್ರೇಫಿಶ್ ಭರತಖಂಡದ ಯಾವ ನದಿಯಲ್ಲಿಯೂ ಕೆರೆಯಲ್ಲಿಯೂ ಸ್ವಾಭಾವಿಕವಾಗಿ ಹುಟ್ಟಿದುದಲ್ಲ. ಅಂಗಡಿಯಲ್ಲಿದ್ದುದು ಬೇರೆ ದೇಶದ ಸಂತತಿ. ಈ ಇಲ್ಲದಿರುವಿಕೆಯೇ ಈ ಪ್ರಾಣಿಯ ವಿಷಯದಲ್ಲಿ ಬಹಳ ಕುತೂಹಲಕರವಾದ ಸಂಗತಿಯೆಂದು ನನಗೆ ತೋರುವುದು. ಅದನ್ನು ಹೇಳುವ ಮೊದಲು ಇದರ ಗುರುತನ್ನು ಸ್ವಲ್ಪ ತಿಳಿಸಬೇಕು.

ಏಡಿ, ಸೀಗಡಿ, ಲಾಬ್‌ಸ್ಟರು, ಕ್ರೇಫಿಶ್ ಇವೆಲ್ಲವೂ ಹತ್ತು ಕಾಲಿನವು. ಆದುದರಿಂದ ಪ್ರಾಣಿಶಾಸ್ತ್ರಜ್ಞರು ಇವುಗಳನ್ನು ದಶಪಾದಿಗಳೆಂದು ಒಂದೇ ಗಣದಲ್ಲಿ ಸೇರಿಸಿದ್ದಾರೆ. ಏಡಿಯು ತನ್ನ ಬಾಲವನ್ನು ಹೊಟ್ಟೆಯಡಿಗೆ ಮಡಿಸಿಕೊಂಡಿರುವುದು. ಸೀಗಡಿಗೂ ಕ್ರೇಫಿಶ್ಶಿಗೂ ಬಾಲವು ಹಿಂದಕ್ಕೆ ಚಾಚಿರುವುದು. ಇವೆರಡರಲ್ಲಿ ಭೇದವನ್ನು ಕಾಣಬೇಕಾದರೆ ಕಾಲುಗಳನ್ನು ಎಣಿಸಿ ನೋಡಬೇಕು. ನಮ್ಮ ಹೊಳೆಯ ಸೀಗಡಿಗೆ ಮೊದಲ ಎರಡು ಜೊತೆ ಕಾಲುಗಳ ತುದಿಯಲ್ಲಿ ಮಾತ್ರ ಇಕ್ಕುಳವಿರುವುದು, ಅವುಗಳಲ್ಲಿ ಎರಡನೆಯ ಜೊತೆಯೇ ದೊಡ್ಡದು. ಕ್ರೇಫಿಶ್ಶಿಗೆ ಮೊದಲ ಮೂರು ಜೊತೆಗೂ ಇಕ್ಕುಳವಿದ್ದು, ಎಲ್ಲಕ್ಕಿಂತ ಮುಂದಿನ ಜೊತೆಯು ಭಾರಿಯಾದುದು.

ಮೈಯೆಲ್ಲ ಗಟ್ಟಿಯಾದ ಚಿಪ್ಪು. ಚಿಪ್ಪು ಬೆಳೆಯುವ ವಸ್ತುವಲ್ಲವಾದುದರಿಂದ ಪ್ರಾಣಿಯು ಬೆಳೆಯಬೇಕಾದರೆ ಹಾವು ಪೊರೆಯನ್ನು ಕಳಚುವಂತೆ ಹಳೆಯ ಚಿಪ್ಪನ್ನು ಕಳಚಲೇಬೇಕು. ಆಗ ಮೈ ಮೆತ್ತಗಾಗಿ, ಯಾವ ಮೀನಿಗಾದರೂ ತುತ್ತಾಗುವ ಸ್ಥಿತಿ. ಹೊಸ ಚಿಪ್ಪು ಬೇಗನೆ ಗಟ್ಟಿಯಾಗಲು ಸುಣ್ಣ ಬೇಕು. ಅದಕ್ಕಾಗಿ ಇದು ಮೊದಲೇ ಹಳೆಯ ಚಿಪ್ಪಿನಿಂದ ಸುಣ್ಣವನ್ನು ಹೀರಿ, ಜಠರದ ಗೋಡೆಯಲ್ಲಿ ಗುಂಡಿಯಾಕಾರದ ಎರಡು ಬಿಳಿಯ ಕಲ್ಲುಗಳಾಗಿ ಕೂಡಿಟ್ಟುಕೊಳ್ಳುವುದು. ಪೊರೆ ಕಳಚಿದ ಮೇಲೆ ಆ ಕಲ್ಲುಗಳು ಕರಗಿ ಹೊಸ ಚಿಪ್ಪಿಗೆ ಒದಗುವುವು. ಯೂರೋಪಿನ ಹಳೆಯ ವೈದ್ಯರು ಈ ಕಲ್ಲುಗಳನ್ನು 'ಏಡಿಗಣ್ಣು' ಎಂದು ಕರೆದು, ಅರೆದು ಪುಡಿಮಾಡಿ ಹೊಟ್ಟೆಯುರಿಗೆ ಕೊಡುತ್ತಿದ್ದರು. ಅದು ಬರಿಯ ಸುಣ್ಣದ ಲವಣವಾದುದರಿಂದ ಗುಣವೂ ಕಾಣುತ್ತಿದ್ದಿರಬೇಕು. ಮುರಿದ ಕಾಲು ಮತ್ತೆ ಬೆಳೆಯುವುದೆಂದು ಬೆಸ್ತರು ಹೇಳುತ್ತಿದ್ದ ಮಾತನ್ನು ಪಂಡಿತರು ಬಹುಕಾಲ ನಂಬಲಿಲ್ಲ. ಫ್ರಾನ್ಸಿನ ರೆಯೊಮೂರ್ ಎಂಬಾತನು ತಾನೇ ಕಾಲುಗಳನ್ನು ಕತ್ತರಿಸಿ, ಕಾದು ನೋಡಿ, ಬೆಸ್ತರ ಮಾತೇ ಸರಿಯೆಂದು ೧೭೧೨ರಲ್ಲಿ ಪ್ರಕಟಿಸಿದನು.

ಇನ್ನು ವರ್ಗೀಕರಣದ ಮಾತು. ಲಿನ್ನೇಯಸನು ೧೭೫೮ರಲ್ಲಿ ಯೂರೋಪಿನ ಕ್ರೇಫಿಶ್ಶನ್ನು ಏಡಿಗಳ ಜೊತೆಯಲ್ಲಿಯೇ ಸೇರಿಸಿ ಹೆಸರಿಟ್ಟನು. ಅವನಿಗೆ ತಿಳಿದಿದ್ದ ಬಗೆಗಳು ಅತ್ಯಲ್ಪ. ಈಗ ೬೫೦ಕ್ಕೂ ಮೇಲ್ಪಟ್ಟ ಪ್ರಭೇದಗಳು ಗೊತ್ತಾಗಿವೆ. ಈ ರಾಶಿಯಲ್ಲಿ ಮೊದಲು ಒಂದು ಒಡ್ಡು ಹಾಕಿದವನು ಡಾರ್ವಿನನ ಗೆಳೆಯನಾದ ಹಕ್ಸ್‌ಲಿ. ಒಂದೇ ಒಂದು ಸಾಮಾನ್ಯಪ್ರಾಣಿಯನ್ನು ಚೆನ್ನಾಗಿ ಅಭ್ಯಾಸಮಾಡಿದರೆ ಪ್ರಾಣಿಶಾಸ್ತ್ರದ ಬಾಗಿಲೆಲ್ಲ ತೆರೆಯುವುದೆಂಬುದು ಆತನ ಮತ. ಅದಕ್ಕಾಗಿ ೧೮೮೦ರ ವೇಳೆಗೆ 'ಕ್ರೇಫಿಶ್' ಎಂಬ ಹೆಸರಿನಲ್ಲಿಯೇ ಒಂದು ಗ್ರಂಥವನ್ನು ಬರೆದನು. ಕಿವಿರುಗಳ ರಚನೆಯನ್ನು ಪರೀಕ್ಷಿಸಿ ಆತನು ಇವುಗಳನ್ನು ಎರಡು ಪಂಗಡಗಳಾಗಿ ವಿಂಗಡಿಸಿದನು. ಒಂದು ಪಂಗಡದ ಗಂಡುಗಳಲ್ಲಿ ಬಾಲದಡಿಯ ಮೊದಲ ಜೊತೆ ಕಿರುಗಾಲುಗಳು ಸಂತಾನಕಾರ್ಯಕ್ಕೆ ತಕ್ಕಂತೆ ಮಾರ್ಪಟ್ಟಿರುವುವು; ಇನ್ನೊಂದರಲ್ಲಿ ಆ ಜೊತೆಯೇ ಇಲ್ಲ. ಇಷ್ಟನ್ನು ಕಂಡುಕೊಂಡ ಮೇಲೆ ಭೂಪಟವನ್ನು ತೆರೆದು ನೋಡಿದರೆ ಮೊದಲನೆಯ ಪಂಗಡವೆಲ್ಲ ಭೂಮಧ್ಯರೇಖೆಯ ಉತ್ತರಕ್ಕೆ, ಎರಡನೆಯದೆಲ್ಲ ಸ್ವಲ್ಪ ಹೆಚ್ಚುಕಡಮೆ ದಕ್ಷಿಣಕ್ಕೆ ಬಿದ್ದಿತು! ಕಿವಿರನ್ನು ನೋಡಿ ಮಾಡಿದ ವಿಂಗಡಣೆಯು ಭೂಗೋಲದ ವಿಂಗಡಣೆಯೂ ಆಯಿತು.

ಉತ್ತರದ ಪಂಗಡದಲ್ಲಿ ಇಂದು ಮೂರು ಕುಟುಂಬಗಳನ್ನು ಎಣಿಸುವರು. ಆಸ್ಟಸಿಡೇ ಎಂಬುದು ಯೂರೋಪಿನಲ್ಲಿಯೂ, ಅಮೆರಿಕದ ಪಶ್ಚಿಮದ ಅಂಚಿನಲ್ಲಿಯೂ ಇರುವುದು. ಕ್ಯಾಂಬರಾಯ್ಡಿಡೇ ಎಂಬ ಚಿಕ್ಕ ಕುಟುಂಬವು ಕೊರಿಯಾ, ಈಶಾನ್ಯ ಚೀನಾ, ಆಮೂರ್ ನದಿಯ ಪ್ರಾಂತ, ಜಪಾನಿನ ಉತ್ತರಭಾಗ ಇಷ್ಟರಲ್ಲಿ ಮುಗಿಯುವುದು. ಮೂರನೆಯದಾದ ಕ್ಯಾಂಬರಿಡೇ ಎಲ್ಲಕ್ಕಿಂತ ದೊಡ್ಡದು. ಸುಮಾರು ೪೦೦ ಪ್ರಭೇದಗಳು, ಹೆಚ್ಚಾಗಿ ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಆಗ್ನೇಯಭಾಗದವು. ಅಲಬಾಮಾ ಸಂಸ್ಥಾನವೊಂದರಲ್ಲಿಯೇ ೯೦ಕ್ಕೂ ಹೆಚ್ಚು ಬಗೆಗಳಿವೆ. ಇಡೀ ಯೂರೋಪಿನಲ್ಲಿ ಸ್ವದೇಶದವು ಬೆರಳೆಣಿಕೆಯಷ್ಟು. ಅಮೆರಿಕದ ಗಂಡುಗಳ ಒಂದು ವಿಚಿತ್ರವು ಹಿಂದಿನ ಪಂಡಿತರನ್ನು ಬಹಳ ದಣಿಸಿತು. ಗಂಡು ಸಂತಾನಕಾಲದಲ್ಲಿ ಒಂದು ರೂಪ, ಆ ಕಾಲ ಕಳೆದು ಪೊರೆ ಬಿಟ್ಟ ಮೇಲೆ ಮತ್ತೊಂದು ರೂಪ ತಾಳುವುದು. ಒಂದೇ ಪ್ರಾಣಿಯ ಎರಡು ವೇಷಗಳನ್ನು ಅರಿಯದವನು ಎರಡು ಪ್ರಭೇದಗಳೆಂದು ಎಣಿಸುವ ಅಪಾಯವಿತ್ತು.

ದಕ್ಷಿಣದ ಪಂಗಡವು ಪಾರಾಸ್ಟಸಿಡೇ ಎಂಬ ಒಂದೇ ಕುಟುಂಬ. ಆಸ್ಟ್ರೇಲಿಯಾ, ನ್ಯೂಗಿನಿ, ನ್ಯೂಜೀಲೆಂಡ್, ದಕ್ಷಿಣ ಅಮೆರಿಕಾ, ಮಡಗಾಸ್ಕರ್ ಇವು ಅದರ ನೆಲೆಗಳು. ಆಫ್ರಿಕಾ ಖಂಡದ ನೆಲದಲ್ಲಿ ಒಂದೂ ಇಲ್ಲ. ನಮ್ಮ ದೇಶದಲ್ಲಿಯೂ ಇಲ್ಲ.

ಸಾವಿರಾರು ಮೈಲಿ ಉಪ್ಪುನೀರು ಅಡ್ಡವಿರುವ ಈ ದೇಶಗಳಲ್ಲಿ ಒಂದೇ ಕುಟುಂಬವು ಹೇಗೆ ಹರಡಿತು? ಲಾಬ್‌ಸ್ಟರಿನ ಮರಿಗಳು ಮೊದಲಲ್ಲಿ ಕಡಲಿನಲ್ಲಿ ತೇಲಿಕೊಂಡು ದೂರ ಹೋಗಬಲ್ಲವು. ಕ್ರೇಫಿಶ್ಶಿನ ಬಾಳು ಹಾಗಲ್ಲ. ತಾಯಿಯು ಮೊಟ್ಟೆಗಳನ್ನು ಬಾಲದಡಿಯ ಕಿರುಗಾಲುಗಳಿಗೆ ಅಂಟಿಸಿಕೊಂಡು, ಗಾಳಿ ಬೀಸಿದಂತೆ ನೀರಾಡಿಸುತ್ತ, ವಾರಗಟ್ಟಲೆ, ಶೀತದೇಶಗಳಲ್ಲಿ ತಿಂಗಳುಗಟ್ಟಲೆ, ಹೊತ್ತಿರುವಳು. ಹೊರಬಂದ ಮರಿಯು ಹೆಚ್ಚುಕಡಮೆ ತಾಯಿಯ ಆಕಾರದ್ದೇ. ಅದೂ ಕೆಲವು ದಿನ ತಾಯಿಯ ಒಡಲಿಗೇ ಕಚ್ಚಿಕೊಂಡಿರುವುದು. ತೇಲುವ ಶಿಶುದೆಸೆಯೇ ಇಲ್ಲವಾದುದರಿಂದ ಸಮುದ್ರವು ಇವುಗಳಿಗೆ ಕೋಟೆಯ ಗೋಡೆಯಂತೆ. ಅಂದಮೇಲೆ ಇವು ಕಡಲು ದಾಟಿ ಹೋದುವಲ್ಲ. ನೆಲವೇ ಇವುಗಳನ್ನು ಹೊತ್ತುಕೊಂಡು ಹೋಯಿತು. ದಕ್ಷಿಣದ ಖಂಡಗಳೆಲ್ಲ ಒಂದಾಗಿ ಗೊಂಡವಾನಾ ಎಂಬ ಮಹಾಖಂಡವಾಗಿದ್ದ ಕಾಲದಲ್ಲಿಯೇ ಈ ವಂಶವು ಅಲ್ಲಿ ನೆಲಸಿದ್ದು, ಖಂಡವು ಒಡೆದಾಗ ತುಂಡುಗಳೊಡನೆ ಬೇರೆಬೇರೆಯಾಯಿತೆಂದು ತಜ್ಞರ ನಿರ್ಣಯ. ಆ ಮಹಾಖಂಡಕ್ಕೆ ಹೆಸರು ಬಂದುದು ನಮ್ಮ ಮಧ್ಯದೇಶದ ಗೊಂಡರ ನಾಡಿನಿಂದ. ನಮ್ಮ ದಕ್ಷಿಣಾಪಥವೂ ಅದರ ಒಂದು ತುಂಡೇ. ಆದರೂ ನಮ್ಮ ಪಾಲಿಗೆ ಈ ಪ್ರಾಣಿ ಉಳಿಯಲಿಲ್ಲ. ಹೊಳೆಯ ಏಡಿಗಳು ಬಲವಾಗಿರುವ ಉಷ್ಣದೇಶಗಳಲ್ಲಿ ಕ್ರೇಫಿಶ್ ಇಲ್ಲದಿರುವುದನ್ನು ಹಕ್ಸ್‌ಲಿಯೇ ಗಮನಿಸಿದ್ದನು. ಒಂದೇ ಮನೆಯಲ್ಲಿ ಇಬ್ಬರು ಯಜಮಾನರಿಗೆ ಎಡೆಯಿಲ್ಲವೆಂಬ ಈ ಊಹೆಯು ಆಕರ್ಷಕವಾದುದೇ. ಮಡಗಾಸ್ಕರಿನಲ್ಲಿ ಎರಡೂ ಇರುವುವಾದುದರಿಂದ ಅದನ್ನು ಪೂರ್ಣವಾಗಿ ಒಪ್ಪುವುದು ಕಷ್ಟ.

ವಾಸಸ್ಥಳದ ವಿಷಯದಲ್ಲಿ ಇವುಗಳಷ್ಟು ಬಗೆಬಗೆಯ ರುಚಿಯುಳ್ಳ ಜಲಚರಗಳು ಕಡಮೆ. ತಣ್ಣನೆಯ ಹರಿಯುವ ತೊರೆಯ ಕಲ್ಲುಗಳ ಕೆಳಗೆ ಕೆಲವು; ಸರೋವರಗಳಲ್ಲಿ ಕೆಲವು; ಬೇಸಗೆಯಲ್ಲಿ ಬತ್ತುವ ಜೌಗಿನಲ್ಲಿ ಕೆಲವು. ಅಮೆರಿಕದ ಹಾಬ್ಸ್ ಎಂಬ ವಿದ್ವಾಂಸನು ೧೯೪೨ರಲ್ಲಿ ಫ್ಲಾರಿಡಾದ ಕ್ರೇಫಿಶ್ಶುಗಳನ್ನು ವರ್ಣಿಸುವಾಗ, ಬಿಲದ ಬಾಳನ್ನೇ ಅಳತೆಗೋಲು ಮಾಡಿಕೊಂಡು ಮೂರು ತರಗತಿಗಳನ್ನು ಮಾಡಿದನು: ಸದಾ ಬಿಲದಲ್ಲಿರುವವು, ಮಳೆಗಾಲದಲ್ಲಿ ಮಾತ್ರ ಹೊರಗೆ ಸುತ್ತುವವು, ನೀರು ಬತ್ತಿದಾಗಲೋ ಮರಿಮಾಡುವಾಗಲೋ ಮಾತ್ರ ಬಿಲ ಸೇರುವವು. ಮೊದಲ ತರಗತಿಯವು ಹೊಳೆಯಿಂದ ದೂರದ ಹುಲ್ಲುಗಾವಲಿನಲ್ಲಿಯೂ ಇರಬಲ್ಲವು. ನೆಲದಡಿಯ ನೀರು ಸಿಕ್ಕುವವರೆಗೆ ತೋಡಿ, ಕೆಸರಿನ ಉಂಡೆಗಳನ್ನು ಒಂದೊಂದಾಗಿ ಮೇಲಕ್ಕೆ ತಂದು, ಬಿಲದ ಬಾಯಿಯ ಸುತ್ತ ಒಲೆಯ ಹೊಗೆಗೂಡಿನಂತೆ ಗೋಪುರ ಕಟ್ಟುವುವು. ಕೆಂಟಕಿಯ ಮ್ಯಾಮತ್ ಗವಿಯ ಕತ್ತಲೆಯಲ್ಲಿರುವ ಒಂದು ಬಗೆಗೆ ಬಣ್ಣವೂ ಇಲ್ಲ, ದೃಷ್ಟಿಯೂ ಇಲ್ಲ.

ಎಲ್ಲಕ್ಕೂ ಹಿರಿಯದು ಟಾಸ್ಮೇನಿಯಾ ದ್ವೀಪದ ಉತ್ತರದ ನದಿಗಳಲ್ಲಿರುವ ಆಸ್ಟಕಾಪ್ಸಿಸ್ ಗೌಲ್ಡೈ. ಸಿಹಿನೀರಿನಲ್ಲಿರುವ ಬೆನ್ನೆಲುಬಿಲ್ಲದ ಪ್ರಾಣಿಗಳಲ್ಲೆಲ್ಲ ಇದೇ ದೊಡ್ಡದು. ಹಿಂದೆ ಆರು ಕಿಲೋಗ್ರಾಂ ತೂಗುವವೂ ಸಿಕ್ಕಿದ್ದುವೆಂದು ಹೇಳುವರು. ಮರದ ನೆರಳಿನ ತಂಪುನೀರು, ನೀರಿನಲ್ಲಿ ಕೊಳೆಯುವ ಮರದ ತುಂಡು, ಇವಿಷ್ಟೇ ಇದರ ಬೇಡಿಕೆ. ಆದರೆ ಬೆಳವಣಿಗೆ ಬಲು ನಿಧಾನ. ಹೆಣ್ಣು ಮೊದಲ ಮೊಟ್ಟೆಯಿಡುವಾಗ ಅದರ ವಯಸ್ಸು ಸುಮಾರು ೧೪ ವರ್ಷ. ಆಮೇಲೂ ಎರಡು ವರ್ಷಕ್ಕೊಮ್ಮೆ ಮಾತ್ರ. ಆಯುಸ್ಸು ನಲವತ್ತರವರೆಗೂ ಹೋಗಬಹುದು. ಇಂಥದನ್ನು ಗಾಳಹಾಕಿ ಹಿಡಿದು ತಿನ್ನುತ್ತ ಹೋದರೆ ಉಳಿಯುವ ಬಗೆ ಹೇಗೆ? ೧೯೯೮ರಿಂದ ಅದನ್ನು ಹಿಡಿಯುವುದನ್ನು ನಿಷೇಧಿಸಿದ್ದಾರೆ. ದಡದ ಮರಗಳನ್ನು ಕಡಿದರೆ ಮಣ್ಣು ತೊಳೆದುಬಂದು ನೀರು ಕದಡುವುದಾದುದರಿಂದ, ಕಾಡಿನ ವಿಷಯದಲ್ಲಿಯೂ ಎಚ್ಚರಿಕೆ ಬೇಕಾಗಿದೆ.

ಯೂರೋಪಿನ ಕಥೆಯು ಇದಕ್ಕಿಂತ ದುಃಖಕರವಾದುದು. ಅಲ್ಲಿ ಈ ಪ್ರಾಣಿಯು ಅರಸರ ಪಂಕ್ತಿಯ ಭಕ್ಷ್ಯವಾಗಿದ್ದಿತು. ಸ್ವೀಡನ್ ದೇಶದಲ್ಲಿ ಆಗಸ್ಟ್ ತಿಂಗಳಲ್ಲಿ ನೆಂಟರಿಷ್ಟರು ಕೂಡಿ ಇದನ್ನು ತಿನ್ನುವುದು ಇಂದಿಗೂ ಒಂದು ಹಬ್ಬ. ೧೮೫೯–೬೦ರ ಸುಮಾರಿಗೆ ಉತ್ತರ ಇಟಲಿಯಲ್ಲಿ ಒಂದು ಮಾರಿ ಕಾಣಿಸಿಕೊಂಡಿತು. ರಾತ್ರಿ ಸಂಚರಿಸುವ ಪ್ರಾಣಿಗಳು ಹಗಲಿನಲ್ಲಿ ಹೊರಗೆ ಬಂದು, ಮರಗಾಲಿನ ಮೇಲೆ ನಿಂತವರಂತೆ ತತ್ತರಿಸಿ ನಡೆದು, ಮಗುಚಿಕೊಂಡು ಸತ್ತುವು. ಒಂದು ಹೊಳೆಗೆ ತಗುಲಿತೆಂದರೆ ಅಲ್ಲಿ ಒಂದೂ ಉಳಿಯದು. ಫ್ರಾನ್ಸ್, ಜರ್ಮನಿ, ರಷ್ಯಾಗಳನ್ನು ದಾಟಿ ೧೮೯೩ರಲ್ಲಿ ಫಿನ್ಲೆಂಡನ್ನೂ, ೧೯೦೭ರಲ್ಲಿ ಸ್ವೀಡನ್ನನ್ನೂ ಅದು ಮುಟ್ಟಿತು. ಕಾರಣವು ಅಫನೊಮೈಸಿಸ್ ಅಸ್ಟಸೈ ಎಂಬ ಬೂಷ್ಟಿನಂಥ ಸೂಕ್ಷ್ಮಜೀವಿ. ಅದು ಅಮೆರಿಕದ ಕ್ರೇಫಿಶ್ಶುಗಳ ಚಿಪ್ಪಿನಲ್ಲಿ ತಲೆತಲಾಂತರದಿಂದ ಬೀಡುಬಿಟ್ಟಿರುವುದು. ಅವು ಅದಕ್ಕೆ ಒಗ್ಗಿಹೋಗಿರುವುವು. ಯೂರೋಪಿನವುಗಳಿಗೆ ಅದು ಕೇವಲ ಮೃತ್ಯು.

ಮುಂದೆ ನಡೆದುದು ಮನುಷ್ಯನ ಅತಿಬುದ್ಧಿ. ತಮ್ಮ ಹೊಳೆಗಳು ಬರಿದಾದುವೆಂದು, ಮಾರಿಗೆ ಬಗ್ಗದ ಅಮೆರಿಕದ ಜಾತಿಗಳನ್ನೇ ತಂದು ಬಿಟ್ಟರು. ೧೮೯೦ರಲ್ಲಿ ಜರ್ಮನಿಗೆ ನೂರು ಬಂದುವು; ೧೯೬೦ರ ದಶಕದಲ್ಲಿ ಸ್ವೀಡನ್ನಿಗೆ ಕ್ಯಾಲಿಫೋರ್ನಿಯಾದಿಂದ 'ಸಿಗ್ನಲ್' ಎಂಬ ಬಗೆಯು ಬಂದಿತು; ೧೯೭೦ರ ದಶಕದಲ್ಲಿ ಅದು ಇಂಗ್ಲೆಂಡಿಗೂ ಹೋಯಿತು. ರೋಗವನ್ನು ಹೊತ್ತವರನ್ನೇ ರೋಗದ ಊರಿಗೆ ಅಳಿಯನಾಗಿ ಕರೆದಂತಾಯಿತು. ಲೂಯಿಸಿಯಾನಾ ಕಡೆಯ ಕೆಂಪುಬಣ್ಣದ್ದು ೧೯೨೭ರಲ್ಲಿ ಕಪ್ಪೆಗಳಿಗೆ ಆಹಾರವಾಗಿ ಜಪಾನಿಗೆ ಹೋಗಿ, ದೇಶವನ್ನೆಲ್ಲ ವ್ಯಾಪಿಸಿತು. ಅದನ್ನು ಮಾರುವುದನ್ನೂ ಹೊರಗೆ ಬಿಡುವುದನ್ನೂ ಜಪಾನ್ ಸರ್ಕಾರವು ೨೦೨೩ರಲ್ಲಿ ನಿಷೇಧಿಸಬೇಕಾಯಿತು. ೧೯೭೦ರ ದಶಕದಲ್ಲಿ ಅದೇ ಬಗೆಯು ಸ್ಪೇನಿಗೆ ಹೋಗಿ, ಬತ್ತದ ಗದ್ದೆಗಳ ಬದುಗಳನ್ನು ಕೊರೆಯಿತು. ಚೀನಾದಲ್ಲಿ ಮಾತ್ರ ಇದೇ ಪ್ರಾಣಿಯನ್ನು ಗದ್ದೆಗಳಲ್ಲಿ ಸಾಕಿ ವರ್ಷಕ್ಕೆ ಹತ್ತು ಲಕ್ಷ ಟನ್ನಿಗೂ ಮೀರಿ ಬೆಳೆಯುತ್ತಾರೆ. ಒಬ್ಬರ ಪಿಡುಗು ಮತ್ತೊಬ್ಬರ ಊಟ.

ಕೊನೆಗೆ ಒಂದು ವಿಚಿತ್ರ. ೧೯೯೦ರ ದಶಕದಲ್ಲಿ ಜರ್ಮನಿಯ ಬಣ್ಣದ ಮೀನಿನ ವ್ಯಾಪಾರಿಗಳಲ್ಲಿ ಅಮೃತಶಿಲೆಯಂತೆ ಗೆರೆಗೆರೆಯಾದ ಒಂದು ಕ್ರೇಫಿಶ್ ಕಾಣಿಸಿತು. ಎಲ್ಲಿ ನೋಡಿದರೂ ಹೆಣ್ಣುಗಳೇ. ಗಂಡಿನ ಸಹವಾಸವಿಲ್ಲದೆ ಮರಿಮಾಡುತ್ತಿದ್ದುವು. ೨೦೦೩ರಲ್ಲಿ ವಿಜ್ಞಾನಿಗಳು ಇದನ್ನು ದೃಢಪಡಿಸಿದರು. ಫ್ಲಾರಿಡಾ, ಜಾರ್ಜಿಯಾಗಳ ಒಂದು ಸಾಧಾರಣ ಪ್ರಭೇದದಿಂದ ಇದು ಹುಟ್ಟಿತೆಂದೂ, ಇದರ ಜೀವಕಣಗಳಲ್ಲಿ ವರ್ಣತಂತುಗಳು ಎರಡು ಪಟ್ಟಿನ ಬದಲು ಮೂರು ಪಟ್ಟು ಇರುವುವೆಂದೂ, ಲೋಕದಲ್ಲಿರುವ ಇವೆಲ್ಲವೂ ಒಬ್ಬಳೇ ತಾಯಿಯ ಅಚ್ಚುಗಳೆಂದೂ ತಿಳಿದುಬಂದಿತು. ೨೦೧೭ರಲ್ಲಿ ಇದಕ್ಕೆ ಪ್ರೊಕ್ಯಾಂಬರಸ್ ವರ್ಜಿನಾಲಿಸ್ ಎಂದು ಹೆಸರಾಯಿತು. ಯಾರದೋ ಮನೆಯ ತೊಟ್ಟಿಯಿಂದ ಹೊರಬಿದ್ದ ಒಂದು ಹೆಣ್ಣು ಸಾಕು, ಒಂದು ಕೆರೆ ತುಂಬಲು. ಮಡಗಾಸ್ಕರಿನಲ್ಲಿ ೨೦೦೭ರಿಂದ ೨೦೧೭ರೊಳಗೆ ಇದು ಹರಡಿದ ಪ್ರದೇಶವು ನೂರರಷ್ಟಾಯಿತು. ಆ ದ್ವೀಪದ ಗುಡ್ಡಗಾಡಿನ ತೊರೆಗಳಲ್ಲಿ ಮಾತ್ರ ಇರುವ ಏಳು ಸ್ವದೇಶದ ಪ್ರಭೇದಗಳ ಗತಿಯೇನೆಂದು ಬಲ್ಲವರು ಚಿಂತಿಸುತ್ತಿದ್ದಾರೆ. ಬಡಜನರಿಗೆ ಅಗ್ಗದ ಆಹಾರವಾಯಿತೆಂಬುದೂ ಸುಳ್ಳಲ್ಲ.

ಅಂಗಡಿಯವನನ್ನು ನಾನು, "ಇದು ದೊಡ್ಡದಾಗಿ ಬೇಸರ ಬಂದರೆ ಕೊಂಡವರು ಏನು ಮಾಡುವರು?" ಎಂದು ಕೇಳಿದೆನು. "ಹತ್ತಿರದ ಕೆರೆಗೆ ಬಿಡುತ್ತಾರೆ ಸ್ವಾಮಿ, ಕೊಲ್ಲುವುದಕ್ಕೆ ಯಾರಿಗೆ ಮನಸ್ಸು ಬರುತ್ತದೆ?" ಎಂದು ಅವನು ಸಹಜವಾಗಿಯೇ ಹೇಳಿದನು. ಮನೆಗೆ ಬರುವಾಗ ಹುಡುಗನ ಕೈಯಲ್ಲಿ ಬರಿಯ ಒಂದು ಹಿಡಿ ಹಸುರು ನೀರುಗಿಡವಿದ್ದಿತು. ಅದೂ ಯಾವ ದೇಶದ್ದೆಂದು ಅವನು ದಾರಿಯುದ್ದಕ್ಕೂ ಕೇಳುತ್ತಿದ್ದನು.