ಮಸೀದಿಯಲ್ಲಿ ಮಕ್ಕಳ ಸದ್ದು: ಗದರಬೇಕೇ, ಕಲಿಸಬೇಕೇ?

ಇಮಾಮರು ತಕ್ಬೀರ್ ಹೇಳಿದ ಕೂಡಲೇ ಹಿಂದಿನ ಸ್ವಫ್ಫಿನಲ್ಲಿ ಒಬ್ಬ ಪೋರ ಪಕ್ಕದವನನ್ನು ತಿವಿಯುತ್ತಾನೆ. ಇನ್ನೊಬ್ಬ ಕಿಸಕ್ಕನೆ ನಗುತ್ತಾನೆ. ಸಲಾಂ ಹೇಳುವುದೇ ತಡ, ಹಿರಿಯರೊಬ್ಬರು ಎದ್ದು, "ಯಾರ ಮಕ್ಕಳು ಇವು? ಮನೆಯಲ್ಲಿ ಬಿಟ್ಟು ಬರ್ಲಿಕ್ಕೆ ಆಗುವುದಿಲ್ವಾ?" ಎಂದು ಗದರುತ್ತಾರೆ. ಮಗುವಿನ ನಗುವಿಗಿಂತ ಈ ಗದರಿಕೆಯೇ ಮಸೀದಿ ತುಂಬಾ ಕೇಳಿಸುತ್ತದೆ. ಮಂಗಳೂರಿನಲ್ಲೂ ಇದೇ ಕತೆ, ಚಾಮರಾಜನಗರ, ಗುಂಡ್ಲುಪೇಟೆಯಲ್ಲೂ ಇದೇ ಕತೆ.

ಆದರೆ ಈ ಗಡಿ ಜಿಲ್ಲೆಯಲ್ಲಿ ನೆಲೆಸಿದ ನಮ್ಮವರಿಗೆ ಇದರ ಪೆಟ್ಟು ಹೆಚ್ಚು. ಕರಾವಳಿಯಲ್ಲಿ ಹುಡುಗ ಒಂದು ಮಸೀದಿಯಲ್ಲಿ ಬೈಗುಳ ತಿಂದರೆ ಇನ್ನೊಂದಕ್ಕೆ ಹೋಗಿಯಾನು. ಇಲ್ಲಿ ಬ್ಯಾರಿ ಮನೆಗಳು ಅಲ್ಲೊಂದು ಇಲ್ಲೊಂದು. ಮನೆಯಲ್ಲಿ ಬ್ಯಾರಿ ಬಾಸೆ, ಶಾಲೆಯಲ್ಲಿ ಕನ್ನಡ, ಮಸೀದಿಯ ಬಯಾನ್ ಉರ್ದುವಿನಲ್ಲಿ. ಇಲ್ಲಿನ ಉರ್ದು ಮಾತಾಡುವ ಜಮಾಅತ್‌ಗಳು ಹೆಚ್ಚಾಗಿ ಹನಫಿ ಮದ್‌ಹಬಿನವು, ನಾವು ಶಾಫಿಈಗಳು. ಫಾತಿಹಾ ಮುಗಿದಾಗ ನಮ್ಮ ಮಗು ಕಲಿತ ಹಾಗೆ ಗಟ್ಟಿಯಾಗಿ "ಆಮೀನ್" ಅನ್ನುತ್ತದೆ. ಹನಫಿಗಳು ಅದನ್ನು ಮೆಲ್ಲಗೆ ಹೇಳುವವರು. ಇಡೀ ಸ್ವಫ್ಫಿನಲ್ಲಿ ಕೇಳುವುದು ಅವನದೊಂದೇ ದನಿ. ಅದು ಕೀಟಲೆಯಲ್ಲ, ಕಲಿತ ಪಾಠ. ಅದಕ್ಕೂ ಯಾರಾದರೂ ಕಣ್ಣು ಕೆಂಪು ಮಾಡಿದರೆ, ಮಸೀದಿ ನನ್ನದಲ್ಲ ಎಂದೇ ಆ ಮಗು ತಿಳಿಯುತ್ತದೆ.

ಪ್ರವಾದಿಯವರ ಹಿಂದೆಯೂ ಮಕ್ಕಳಿದ್ದರು

ಪ್ರವಾದಿ ಮುಹಮ್ಮದ್ (ಸ) ಅವರ ಮಸೀದಿ ಮಕ್ಕಳ ಸದ್ದಿಲ್ಲದ ಜಾಗವಾಗಿರಲಿಲ್ಲ. ದೀರ್ಘವಾಗಿ ನಮಾಝ್ ಮಾಡಬೇಕೆಂದು ನಿಂತವರು ಮಗುವಿನ ಅಳು ಕೇಳಿದರೆ, ತಾಯಿಗೆ ಕಷ್ಟವಾಗಬಾರದೆಂದು ನಮಾಝನ್ನೇ ಚುಟುಕಾಗಿಸುತ್ತಿದ್ದರು ಎಂದು ಬುಖಾರಿಯ ಹದೀಸ್ ಹೇಳುತ್ತದೆ. ತಾಯಿಯೂ ಮಗುವೂ ಜಮಾಅತಿನಲ್ಲೇ ಇದ್ದರು ಎಂಬುದು ಇದರಿಂದಲೇ ಗೊತ್ತಾಗುತ್ತದೆ. ಮಗಳು ಝೈನಬರ ಮಗು ಉಮಾಮಳನ್ನು ಎತ್ತಿಕೊಂಡೇ ಅವರು ನಮಾಝಿಗೆ ನೇತೃತ್ವ ಕೊಟ್ಟದ್ದುಂಟು. ಸುಜೂದಿಗೆ ಹೋಗುವಾಗ ಕೆಳಗಿಡುತ್ತಿದ್ದರು, ಏಳುವಾಗ ಮತ್ತೆ ಎತ್ತಿಕೊಳ್ಳುತ್ತಿದ್ದರು. ಮೊಮ್ಮಗ ಬೆನ್ನೇರಿದಾಗ ಅವನು ತಾನಾಗಿ ಇಳಿಯುವ ತನಕ ಸುಜೂದನ್ನೇ ಉದ್ದ ಮಾಡಿದ್ದರು.

ಏಳು ವರ್ಷಕ್ಕೆ ಮಕ್ಕಳಿಗೆ ನಮಾಝಿನ ಆಜ್ಞೆ ಕೊಡಿ ಎಂದವರೂ ಅವರೇ. ಮಸೀದಿಯ ಬಾಗಿಲಲ್ಲಿ ಗದರಿಸಿಕೊಂಡ ಐದು ವರ್ಷದ ಹುಡುಗ ಏಳಕ್ಕೆ ಖುಷಿಯಿಂದ ಬರುತ್ತಾನೆಯೇ? ಹದಿನೇಳಕ್ಕೆ?

"ಸುಮ್ಮನಿರು" ಅನ್ನುವುದೂ ಮಾತೇ

ಜುಮಾ ಖುತುಬ ನಡೆಯುವಾಗ ಪಕ್ಕದವನಿಗೆ ಸುಮ್ಮನಿರು ಎಂದವನೂ ವ್ಯರ್ಥ ಮಾತಾಡಿದವನೇ ಎಂದು ಹದೀಸಿನಲ್ಲಿದೆ. ಹಾಗಾದರೆ ಖುತುಬದ ಮಧ್ಯೆ ಮಕ್ಕಳ ಮೇಲೆ ರೇಗುವ ನಮ್ಮ ಕಾಕಂದಿರ ಲೆಕ್ಕವೇನು? ತುಟಿಯ ಮೇಲೆ ಬೆರಳಿಟ್ಟು ತೋರಿಸಿದರೆ ಸಾಕು.

ಮೊದಲೇ ಬಂದು ಮುಂದಿನ ಸ್ವಫ್ಫಿನಲ್ಲಿ ನಿಂತ ಹುಡುಗನನ್ನು ರಟ್ಟೆ ಹಿಡಿದು ಹಿಂದಕ್ಕೆ ಎಳೆಯುವುದನ್ನೂ ಕಾಣುತ್ತೇವೆ. ದೊಡ್ಡವರ ಹಿಂದೆ ಹುಡುಗರು ನಿಲ್ಲುವುದು ಕ್ರಮ ನಿಜ. ಆದರೆ ಮೊದಲೇ ಬಂದು ನಿಂತ ಹುಡುಗರನ್ನು ತಡವಾಗಿ ಬಂದವರಿಗಾಗಿ ಎಬ್ಬಿಸಬಾರದು ಎಂಬುದು ನಮ್ಮ ಶಾಫಿಈ ಫಿಕ್ಹಿನಲ್ಲೇ ಇದೆ.

ಹೆತ್ತವರ ಪಾಲು

ಹಾಗಂತ ಮಕ್ಕಳನ್ನು ಹೌಳಿನ ಹತ್ತಿರ ಬಿಟ್ಟು, ತಾವು ಮುಂದೆ ಹೋಗಿ ಕೈ ಕಟ್ಟುವುದು ಸರಿಯಲ್ಲ. ಏಕಾಗ್ರತೆ ಕೆಟ್ಟರೆ ಬೇಸರವಾಗುವುದು ಸಹಜ, ಹಿರಿಯರ ದೂರಿನಲ್ಲಿ ಸುಳ್ಳಿಲ್ಲ. ಹುಡುಗರನ್ನೆಲ್ಲ ಒಂದೇ ಕಡೆ ಗುಡ್ಡೆ ಹಾಕಿದರೆ ಗಲಾಟೆ ಖಂಡಿತ. ತಂದೆಯ ಪಕ್ಕದಲ್ಲಿ ನಿಂತವನು ತಂದೆಯನ್ನೇ ನೋಡಿ ಕಲಿಯುತ್ತಾನೆ. ಬರುವ ಮೊದಲು ಮೂತ್ರ ಮಾಡಿಸಿ, ಹೊಟ್ಟೆಗೆ ಏನಾದರೂ ಕೊಟ್ಟಿರಬೇಕು. ಇನ್ನೊಂದು ಮಾತು: ಒದ್ದೆಯಾದ ಡೈಪರಿನ ಮಗುವನ್ನು ಎತ್ತಿಕೊಂಡರೆ ನಜೀಸ್ ಹೊತ್ತಂತಾಗಿ ಶಾಫಿಈ ಪ್ರಕಾರ ನಮಾಝ್ ಸಿಂಧುವಾಗದು. ಬದಲಾಯಿಸಿಯೇ ಬನ್ನಿ.

ಊಟಿಗೆ ಹೊರಟ ಕುಟುಂಬಗಳಿಗೂ ಇದು ಬೇಕಾದ ಮಾತು. ರಾತ್ರಿ 9ರಿಂದ ಬೆಳಿಗ್ಗೆ 6ರ ತನಕ ಬಂಡೀಪುರ ರಸ್ತೆ ಬಂದ್. ಅದಕ್ಕೆ ಮೊದಲು ಗೇಟು ದಾಟುವ ಅವಸರದಲ್ಲಿ ಗುಂಡ್ಲುಪೇಟೆಯಲ್ಲಿ ಮಗ್ರಿಬಿಗೆ ಇಳಿಯುವಾಗ ಮಕ್ಕಳು ದಣಿದು ರಂಪ ಮಾಡುತ್ತಿರುತ್ತಾರೆ. ಒಬ್ಬರು ಮಕ್ಕಳನ್ನು ನೋಡಿಕೊಂಡು ಇನ್ನೊಬ್ಬರು ನಮಾಝ್ ಮಾಡಿದರಾಯಿತು. ಪ್ರಯಾಣಿಕರಿಗೆ ಜಂಅ್, ಖಸ್ರ್ ಸೌಲಭ್ಯವಂತೂ ಇದ್ದೇ ಇದೆ.

ಜಮಾಅತಿನವರಲ್ಲಿ ನಮ್ಮ ವಿನಂತಿ ಇಷ್ಟೇ. ಮಕ್ಕಳಿಗೆ ಹೇಳುವ ಕೆಲಸವನ್ನು ಉಸ್ತಾದರಿಗೋ ಮೆದು ಮಾತಿನ ಒಬ್ಬ ಹಿರಿಯರಿಗೋ ಒಪ್ಪಿಸಿ, ಉಳಿದವರು ಸುಮ್ಮನಿರಿ. ನಮಾಝಾದ ಮೇಲೆ ಹುಡುಗನ ತಲೆ ಸವರಿ, "ಮೋನೇ, ನಾಳೆಯೂ ಬಾ, ನಗು ಮಾತ್ರ ಹೊರಗೆ" ಅಂದರೆ ಅವನು ನಾಳೆಯೂ ಬರುತ್ತಾನೆ.